ವಾಡಿಯ ಭಾಗ್ಯಜ್ಯೋತಿಯ ಫ್ರೆಂಚ್ ಮಾತು

ವಾಡಿಯಾಗ ಫ್ರೆಂಚ್ ಕಲಿತೀನಿ ಅಂತ ಹೊಂಟಾಕಿ ಭಾಗ್ಯಜ್ಯೋತಿ ಒಬ್ಬಾಕಿನೇ. ಮಂದಿ ನಕ್ಕರು. ನಗಲಿ ಬಿಡ್ರಿ. ದಿನಾ ಕೈ ಎತ್ತೋ ಗಂಡನ್ನ ಬಿಟ್ಟು ಸೇಡಂನಿಂದ ತವರಿಗೆ ಬಂದ ದಿನಾನೂ ಇದೇ ಮಂದಿ ಬಾಯಿಗೆ ಸೆರಗು ಹಿಡಕೊಂಡು ಗುಸುಗುಸು ಅಂದಿದ್ರು.

ಕಲಬುರಗಿಯ ಒಂದು ಶಾಲಿಯವರು ಫ್ರೆಂಚ್ ಪರೀಕ್ಷಾ ಪಾಸಾಗಿ ಬಾ, ಟೀಚರ್ ನೌಕರಿ ನಿನಗೇ ಅಂದಿದ್ರು. ಈಕಿ ಒಂದು ಸಲ ಫೇಲಾದಳು. ಅಷ್ಟಕ್ಕೇ ಅಣ್ಣ ಸಿದ್ಧಲಿಂಗ ಸೇಡಂಗೆ ಹೋಗಿ, ಈ ಸಲಾನೂ ಪಾಸಾಗಲಿಲ್ಲಂದ್ರ ತಂಗೀನ ನಾನೇ ತಂದು ಬಿಡ್ತೀನಿ ಅಂತ ಬೀಗರಿಗೆ ಮಾತು ಕೊಟ್ಟು ಬಂದ. ಆಕಿನ್ನ ಒಂದು ಮಾತು ಕೇಳಲಿಲ್ಲ, ಮಹಾ ಹಿರಿಯ!

ಓದೋದು, ಬರಿಯೋದು ಹೋದ ಸಲಾನೂ ಚೊಲೋ ಆಗಿತ್ತು. ಮುಗ್ಗರಿಸಿದ್ದು ಮಾತಾಡೋದ್ರಾಗ. ಮಾತಾಡಾಕ ಕೊಡೋ ವಿಷಯ ಏನಪಾ ಅಂದ್ರ ಬಿಡುವಿನ ವ್ಯಾಳ್ಯಾ, ಟಿ.ವಿ., ಪೇಪರ್, ಮೊಬೈಲ್. ಆನ್‌ಲೈನ್‌ನಾಗ ಕಲಿಸೋ ಅಶೋಕಕುಮಾರ ಸರ್ ಉತ್ತರ ತಯಾರ ಮಾಡಿ ಕೊಟ್ಟಿದ್ರು: ಆದಿತ್ಯವಾರ ಈಜಾಡ್ತೀನಿ, ಮ್ಯೂಸಿಯಂ ನೋಡ್ತೀನಿ. ಈಕಿ ಗಿಣಿ ಹಾಂಗ ಒದರಿದಳು. ಪರೀಕ್ಷಾದ ಮೇಡಂ, ಎಲ್ಲಿ ಈಜಾಡ್ತಿ ಅಂತ ಕೇಳಿದ್ರು. ವಾಡಿಯಾಗ ಕುಡಿಯೋ ನೀರಿಗೇ ಕೊಡ ಹಿಡಕೊಂಡು ನಿಂದ್ರಬೇಕು, ಇನ್ನ ಈಜಾಡೋದೆಲ್ಲಿ ಬಂತು? ಅದಕ್ಕ ಸರ್ ಉತ್ತರ ಬರದು ಕೊಟ್ಟಿರಲಿಲ್ಲ, ಫೇಲಾದಳು.

ಈ ಸಲಾನೂ ಸರ್ ಅದೇ ಉತ್ತರ ಕಳಸಿದ್ರು, ಈಜೋ ಜಾಗಾದ ಹೆಸರೊಂದು ಕೂಡಿಸಿ. ಭಾಗ್ಯಜ್ಯೋತಿಗೆ ಮೈಯೆಲ್ಲಾ ಉರೀತು. ಯಾಕ್ರಿ ಸರ್, ನಮ್ಮ ಮನ್ಯಾಗ ಟಿ.ವಿ. ಇಲ್ಲೇನು, ನಮಗ ಬಿಡುವಿಲ್ಲೇನು, ರೊಟ್ಟಿ ಬಡೀತಾ ಟಿ.ವಿ. ನೋಡೋದನ್ನೇ ಹೇಳಿದ್ರ ಆಗಂಗಿಲ್ಲೇನು ಅಂತ ಫೋನಿನ್ಯಾಗೇ ಕೇಳಿದಳು. ನಿಮ್ಮ ರೊಟ್ಟಿ ಸುದ್ದಿ ಅಲ್ಲಿ ಯಾರಿಗೆ ಬೇಕಮ್ಮ, ಅಂದ್ರು ಅವರು. ಆಕಿ ಫೋನ್ ಕಟ್ ಮಾಡಿದಳು.

ರೊಟ್ಟಿ ಸುದ್ದಿ ಅಂದ್ರ ಇದು. ಅವ್ವ ಶರಣಬಸಮ್ಮ ಪಡಸಾಲ್ಯಾಗ ನಾಕೈದು ಮಂದಿ ಹೆಣ್ಮಕ್ಕಳನ್ನ ಕೂಡಿಸ್ಕೊಂಡು ಖಾನಾವಳಿಗಳಿಗೆ ಜ್ವಾಳದ ರೊಟ್ಟಿ ಮಾಡ್ತಾಳ. ಎದುರಿಗೆ ಟಿ.ವಿ. ಹಚ್ಚಿರ್ತಾರ. ರೊಟ್ಟಿ ಬಡಿಯೋ ಸಪ್ಪಳದಾಗ ಧಾರಾವಾಹಿಯ ಒಂದಕ್ಷರ ಕೇಳಂಗಿಲ್ಲ. ಹಂಗಂತ ಸುಮ್ಕ ಕುಂದ್ರೋರಲ್ಲ ಇವರು. ಟಿ.ವಿ.ಯಾಗ ಬಾಯಿ ಅಲ್ಲಾಡಿದ್ರ ಸಾಕು, ಮಾತು ಇವರೇ ಹಾಕ್ತಾರ. ಧಾರಾವಾಹಿಯ ಅತ್ತಿ ಮಾತು ಬಾಜೂ ಮನಿ ಅಮೀರ್ಬೀದು. ಆಕಿ ತನ್ನ ದಖನಿ ಉರ್ದುದಾಗ ಬೈಯಾಕ ಹತ್ತಿದ್ರ ಹಿಟ್ಟು ನಾದೋರೆಲ್ಲ ಹೊಟ್ಟಿ ಹಿಡಕೊಂಡು ನಗ್ತಾರ. ಸೊಸಿ ಮಾತು ಭಾಗ್ಯಜ್ಯೋತಿದು.

ಅವತ್ತಿನಿಂದ ಪರೀಕ್ಷಾದ ತಯಾರಿ ಅಲ್ಲೇ ನಡೀತು. ಸೊಸಿ ಮಾತನ್ನ ಭಾಗ್ಯಜ್ಯೋತಿ ಫ್ರೆಂಚ್‌ನಾಗ ಆಡಾಕತ್ತಳು. ಅಮೀರ್ಬೀಗೆ ಏನೂ ತಿಳೀತಿರಲಿಲ್ಲ, ಆದ್ರೂ ಎದುರು ಜವಾಬು ಕೊಡೋದು ಬಿಡಲಿಲ್ಲ. ಆಕಿ ಏನು ಅಂತಾಳೋ ಮೊದಲೇ ಗೊತ್ತಿಲ್ಲದ್ದಕ್ಕ ಈಕಿಗೆ ಬಾಯಿಪಾಠ ಮಾಡಾಕ ದಾರಿನೇ ಉಳೀಲಿಲ್ಲ.

ಹೈದರಾಬಾದಿನ ಪರೀಕ್ಷಾದಾಗ ಎದುರಿಗೆ ಅದೇ ಮೇಡಂ. ಬಿಡುವಿನ್ಯಾಗ ಏನು ಮಾಡ್ತಿ ಅಂತ ಕೇಳಿದ್ರು. ಭಾಗ್ಯಜ್ಯೋತಿ ರೊಟ್ಟಿ ಸುದ್ದಿ ಪೂರಾ ಫ್ರೆಂಚ್‌ನಾಗ ಹೇಳಿದಳು. ನಡುವ ತಪ್ಪಿದಳು, ತಿದ್ದಿಕೊಂಡು ಮುಂದ ಹ್ವಾದಳು. ಆವಾಜು ಕೇಳದಿದ್ರ ಖರೇ ಕಥಿ ತಪ್ಪಿಹೋಗೂದಿಲ್ಲೇನು ಅಂತ ಮೇಡಂ ಕೇಳಿದ್ರು.

ತಪ್ಪತದ, ಅಂದಳು ಈಕಿ. ಟಿ.ವಿ.ಯಾಗ ಆ ಸೊಸಿ ವರ್ಷಗಟ್ಟಲೆ ಅಳಾಕತ್ಯಾಳ, ನಮ್ಮ ಪಡಸಾಲ್ಯಾಗ ಆಕಿ ಎಂದೋ ಗಂಡನ ಮನಿ ಬಿಟ್ಟು ಹೊಂಟಾಳ. ಹೊಂಟು ಎಲ್ಲಿಗೆ ಹೋದಳು ಅಂತ ಮೇಡಂ ಮುಂದಕ್ಕ ಬಾಗಿದ್ರು.

“ನಿಮ್ಮ ಮುಂದ ಕುಂತಾಳ.”

ವಾಡಿ ಸ್ಟೇಷನ್ನಿಗೆ ಸಿದ್ಧಲಿಂಗ ಬಂದಿದ್ದ. ಪ್ಲಾಟ್‌ಫಾರ್ಮಿನ ಮ್ಯಾಲೇ, ಪಾಸೋ ಫೇಲೋ, ಬೀಗರಿಗೆ ಏನು ಹೇಳಲಿ ಅಂತ ಕೇಳಿದ. ರಿಸಲ್ಟು ಬರೋದು ಇನ್ನೂ ತಡ ಇತ್ತು. ಭಾಗ್ಯಜ್ಯೋತಿ ತಡ ಮಾಡಲಿಲ್ಲ.

“ಪಾಸಾದ್ರೂ ಫೇಲಾದ್ರೂ ನಾ ಸೇಡಂಗೆ ಹೋಗಂಗಿಲ್ಲಣ್ಣಾ. ಮಾತು ಕೊಟ್ಟಾಂವ ನೀನು, ಹೋಗಿ ನೀನೇ ಬಾಳ್ವೆ ಮಾಡು.”