ಏರಿಗೆ ತಕ್ಕ ಇಂಜಿನ್

ಹೊಳಲ್ಕೆರೆ ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ರಸ್ತೆ ಒಂದು ಕಡೆ ಏರುತ್ತದೆ. ಈಗಿನ ಬಸ್ಸಿನಲ್ಲಿ ಕೂತವರಿಗೆ ಅದು ಏರೆಂದೇ ತಿಳಿಯಲಿಕ್ಕಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯಲ್ಲಿ ಮಾತ್ರ ಅದರ ಮಾತೆತ್ತಿದರೆ ಉಣ್ಣುತ್ತಿದ್ದವರ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ನನ್ನ ನಾದಿನಿಗೆ ಮೊದಲ ಹೆರಿಗೆಯ ನೋವು ಬಂದಾಗ, ಆಪರೇಷನ್ ಆಗಬೇಕೆಂದು ಹೊಸದುರ್ಗದಿಂದ ಅವಳನ್ನು ನಮ್ಮದೇ ಕಾರಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆವು. ಕಾರು ಆ ಏರಿನ ಅರ್ಧದಲ್ಲಿ ನಿಂತಿತು. ಹಿಂದೆ ಬಂದ ಲಾರಿಯವರು ಹಗ್ಗ ಕಟ್ಟಿ ಎಳೆದು ಮೇಲೆ ತರುವಷ್ಟರಲ್ಲಿ ಹೊತ್ತು ಮೀರಿತ್ತು. ನಾದಿನಿ ಉಳಿದಳು, ಮಗು ಉಳಿಯಲಿಲ್ಲ.

ಕಾರು ಓಡಿಸುತ್ತಿದ್ದವರು ನನ್ನ ಯಜಮಾನರು, ಅವಳ ಒಡಹುಟ್ಟಿದ ಅಣ್ಣ. ಅವರನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ. ಆ ಕಾರು ನಮ್ಮ ಅನ್ನ. ಗುಂಡು ಬೆನ್ನಿನ ಹಳೆಯ ಗಾಡಿ, ಬಾಡಿಗೆಗೆ ಓಡುತ್ತಿತ್ತು. ಮದುವೆ ದಿಬ್ಬಣ, ಕೋರ್ಟಿನ ವಾಯಿದೆ, ಹಿರಿಯೂರಿನ ಕೊಬ್ಬರಿ ವ್ಯಾಪಾರದವರು ಎಲ್ಲರೂ ಅದರಲ್ಲೇ. ಐದು ಜನ ಕೂರುವ ಜಾಗದಲ್ಲಿ ಒಂಬತ್ತು ಜನ ತೂರಿಕೊಂಡು, ಏರು ಬಂದರೆ ಗಂಡಸರು ಇಳಿದು ನೂಕುತ್ತಿದ್ದರು. ಅದನ್ನು ಯಾರೂ ದೋಷ ಅಂದುಕೊಂಡಿರಲಿಲ್ಲ.

ನಾದಿನಿ ಮತ್ತೆ ಬಸುರಾಗಿ ನಮ್ಮಲ್ಲಿಗೆ ಬಂದಳು. ಈ ಸಲವೂ ದುರ್ಗಕ್ಕೇ ಹೋಗಬೇಕು, ನೋವು ಬಂದ ಕೂಡಲೇ ಹೊರಡಬೇಕು ಎಂದು ಡಾಕ್ಟರು ಹೇಳಿದರು. ಅಲ್ಲಿ ಉಳಿಯಲು ನಮಗೆ ನೆಂಟರಿರಲಿಲ್ಲ. ಬಸ್ಸು ಬೇಕಾದ ಹೊತ್ತಿಗೆ ಸಿಗುವುದಲ್ಲ. ಯಜಮಾನರು ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತಾ, "ಇಂಜಿನ್ ಬದಲಾಯಿಸ್ತೀನಿ. ಜೀಪಿಂದು ಹಾಕಿಸ್ತೀನಿ," ಎಂದರು.

ಕೇಳಿ ನೋಡಿದಾಗ ಎರಡು ಇಂಜಿನ್ ಇರುವುದು ಗೊತ್ತಾಯಿತು. ಒಂದು ದುರ್ಗದ ಗುಜರಿ ಅಂಗಡಿಯಲ್ಲಿ. ಮಗುಚಿಬಿದ್ದು ಇಬ್ಬರು ತೀರಿಕೊಂಡಿದ್ದ ಜೀಪಿನದು. ಅದನ್ನು ಕೇಳಿದ್ದೇ ತಡ ಅತ್ತೆ ಮೊರ ಕೆಳಗಿಟ್ಟರು.

"ಜೀವ ತಿಂದ ಕಬ್ಬಿಣ ನನ್ನ ಹೊಸ್ತಿಲ ಹತ್ರ ಬರಬಾರ್ದು. ಮನೇಲಿ ಬಸುರಿ ಅದಾಳೆ."

"ಅವ್ವ, ಇಂಜಿನ್ ಏನ್ ಮಾಡೈತೆ?"

"ಅದನ್ನ ಸತ್ತೋರ ಮನೇಲಿ ಹೋಗಿ ಕೇಳು."

ಇನ್ನೊಂದು ಯಲ್ಲದಕೆರೆಯಲ್ಲಿ, ನನ್ನ ಸೋದರಮಾವನ ತೋಟದ ಬಾವಿಯ ಮೇಲಿತ್ತು. ಆಗ ನಮ್ಮ ಕಡೆ ಹಳೆಯ ಜೀಪಿನ ಇಂಜಿನ್ ತಂದು ನೀರೆತ್ತುವ ಪಂಪಿಗೆ ಹೂಡುವ ರೂಢಿಯಿತ್ತು. ಮಾವನ ತೋಟಕ್ಕೆ ಕರೆಂಟು ಬಂದಿದ್ದರಿಂದ ಅದು ಕೆಲಸವಿಲ್ಲದೆ ಕೂತಿತ್ತು. ನಾನು, ಯಜಮಾನರು, ಕಾರು ರಿಪೇರಿಯ ಮೇಸ್ತ್ರಿ ಮೂವರೂ ಹಿರಿಯೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋದೆವು.

"ಬರ್ರಿ ಅಳಿಯಂದ್ರೆ, ಕುಂತ್ಕಳ್ರಿ," ಎಂದು ಮಾವ ಬಾವಿಕಟ್ಟೆಯ ಮೇಲೆ ಚಾಪೆ ಹಾಸಿ ಇಂಜಿನ್ ಶುರು ಮಾಡಿದರು. ನೀರು ದಪ್ಪ ಕೊಳವೆಯಿಂದ ಕಾಲುವೆಗೆ ಬಿತ್ತು. "ಬೆಳಿಗ್ಗೆ ಹಚ್ಚಿದ್ರೆ ಹೊತ್ತು ಮುಳುಗೋ ತನಕ ಒಂದೇ ಉಸಿರು. ನನ್ನ ಎತ್ತುಗಳಾದ್ರೂ ಮುನಿಸ್ಕಂಡಾವು, ಇದು ಮುನಿಸ್ಕಳಲ್ಲ."

ಯಜಮಾನರು ಬಹಳ ಹೊತ್ತು ಅದರ ಸದ್ದು ಕೇಳುತ್ತಾ ಕೂತರು. ಆಮೇಲೆ ಎದ್ದು ಇಂಜಿನ್ ಮೇಲೆ ಅಂಗೈ ಇಟ್ಟರು. ಕೈ ತೆಗೆಯಲಿಲ್ಲ.

"ಮೇಸ್ತ್ರಿ, ಇಷ್ಟೊತ್ತು ಓಡಿದ್ರೂ ಕುದಿಯೋದಿರ್ಲಿ, ಬೆಚ್ಚಗೂ ಸರಿಯಾಗಿ ಆಗಿಲ್ಲ."

ಮೇಸ್ತ್ರಿಯೂ ಕೈ ಇಟ್ಟು ನೋಡಿ ತಲೆಯಾಡಿಸಿದ. ಬಾವಿಯ ನೀರನ್ನೇ ಒಂದು ರಬ್ಬರ್ ಕೊಳವೆಯಲ್ಲಿ ಇಂಜಿನ್ನಿನ ಒಳಗೆ ಹಾಯಿಸಿ ಆಚೆ ಬಿಡುತ್ತಿದ್ದುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಸದಾ ತಣ್ಣನೆಯ ಹೊಸ ನೀರು ಹರಿಯುವುದರಿಂದಲೇ ಅದು ತಣ್ಣಗಿದೆ ಎಂದು ಯಾರೂ ಯೋಚಿಸಲಿಲ್ಲ. ನೀರೆತ್ತುವುದರಲ್ಲಿ ಗಟ್ಟಿ ಎಂದರೆ ಎಲ್ಲದರಲ್ಲೂ ಗಟ್ಟಿ ಎಂಬುದು ನಮ್ಮ ಕಡೆಯ ಲೆಕ್ಕ. ಎತ್ತು ಕೊಳ್ಳುವಾಗಲೂ ಅದನ್ನೇ ನೋಡುತ್ತಿದ್ದರು. ಇಂಜಿನ್ ಎತ್ತಿನ ಗಾಡಿಯಲ್ಲಿ ರಸ್ತೆಗೆ ಬಂತು, ಲಾರಿ ಹತ್ತಿ ಹೊಸದುರ್ಗಕ್ಕೆ ಬಂತು.

ಕೂರಿಸಲು ಮೇಸ್ತ್ರಿ ಬಹಳ ಒದ್ದಾಡಿದ. ಬಾನೆಟ್ ಪೂರ್ತಿ ಮುಚ್ಚಲಿಲ್ಲ, ಹಗ್ಗ ಬಿಗಿದ. ಪರೀಕ್ಷೆಗೆಂದು ಹಿಂದಿನ ಸೀಟಿನ ತುಂಬ ತೆಂಗಿನಕಾಯಿ ಮೂಟೆ ಹೇರಿಕೊಂಡು ಇಬ್ಬರೂ ಆ ಏರಿಗೆ ಹೋದರು. ನಾದಿನಿ ಕಿಟಕಿಯ ಬಳಿ ಬತ್ತಿ ಹೊಸೆಯುತ್ತಾ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ. ಊಟಕ್ಕೆ ಕರೆದರೆ, "ಅಣ್ಣ ಬರ್ಲಿ ತಡಿ ಅತ್ತಿಗೆ," ಎಂದಳು.

ಸಂಜೆ ಬಂದರು. ಯಜಮಾನರ ಅಂಗಿಯ ತೋಳು ಒದ್ದೆಯಾಗಿತ್ತು. ನನ್ನನ್ನು ಹಿತ್ತಲಿಗೆ ಕರೆದು, "ಶಕ್ತಿ ಐತೆ, ಕುದುರೆ ಹಂಗೆ ಎಳೀತು. ಅರ್ಧಕ್ಕೆ ಹೋಗೋದ್ರಲ್ಲಿ ರೇಡಿಯೇಟರ್ ಕುದ್ದು ಹಬೆ ಬಂತು. ಅದೇ ಜಾಗ," ಎಂದರು. ಕಿಟಕಿಯ ಕಡೆ ನೋಡದೆ ಕಾಲು ತೊಳೆದುಕೊಂಡರು.

ಮೇಸ್ತ್ರಿ ರೇಡಿಯೇಟರ್ ತೊಳೆದ, ಹೊಸ ಕೊಳವೆ ಹಾಕಿದ. ಮತ್ತೆ ಹೋದರು, ಮತ್ತೆ ಕುದಿಯಿತು. ಕೊನೆಗೆ ಇಂಜಿನ್ನಿನ ತಲೆ ಬಿಚ್ಚಿ ನನ್ನನ್ನೂ ಕರೆದು ತೋರಿಸಿದ. ನೀರು ಹರಿಯುವ ದಾರಿಗಳಲ್ಲಿ ಬಿಳಿಯ ಗಾರೆ ಕಟ್ಟಿ ಕಡ್ಡಿ ತೂರುವಷ್ಟು ಮಾತ್ರ ಸಂದು ಉಳಿದಿತ್ತು. ಸವಳು ನೀರು ಕಾಯಿಸಿದ ಹಂಡೆಯ ತಳ ಹೇಗಿರುತ್ತದೋ ಹಾಗೆ. ವರ್ಷಗಟ್ಟಲೆ ಬಾವಿಯ ನೀರು ಒಳಗೆ ಸುಣ್ಣ ಬಳಿದಿತ್ತು.

"ಹುಣಿಸೆಹುಳಿಗೆ ಬಿಡಲ್ವೇನಪ್ಪ?" ಎಂದೆ.

"ಹಂಡೆಯೊಳಗೆ ಕೈ ಹೋಗ್ತೈತಕ್ಕ, ಇದ್ರೊಳಗೆ ಎಲ್ಲಿ ಹೋಗ್ತೈತೆ? ಆ್ಯಸಿಡ್ ಬಿಟ್ರೆ ತೂತು ಬಿದ್ದೀತು. ದುರ್ಗದ ಇಂಜಿನ್ನೇ ಗತಿ."

ಅಷ್ಟರಲ್ಲಿ ನಾದಿನಿಗೆ ದಿನ ತುಂಬುತ್ತಾ ಬಂದಿತ್ತು. ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಒಲೆಯ ಮುಂದೆ ಕೂತು ಎಲ್ಲ ಕೇಳಿದರು. ಕೊಳವೆಯಲ್ಲಿ ಊದಿ ಉರಿ ಹೆಚ್ಚಿಸಿದರು. ಬಯ್ಯುತ್ತಾರೆಂದು ಕಾದೆ. ಸಾರು ಇಳಿಸಿದ ಮೇಲೆ, "ನಾಳೆ ದುರ್ಗಕ್ಕೆ ಹೋಗಾಣ. ನಾನೂ ನೋಡ್ತೀನಿ," ಎಂದರು.

ಗುಜರಿ ಅಂಗಡಿಯಲ್ಲಿ ಅವರು ಆ ಇಂಜಿನ್ನನ್ನು, ಸೊಸೆ ಹುಡುಕಲು ಹೋದವರು ಹುಡುಗಿಯನ್ನು ನೋಡುವ ಹಾಗೆ ಸುತ್ತು ಹಾಕಿ ನೋಡಿದರು.

"ಬ್ರೇಕ್ ಹಿಡೀದೆ ಮಗುಚಿದ್ದಮ್ಮ," ಎಂದರು ಅಂಗಡಿ ಸಾಹೇಬರು. "ಇಂಜಿನ್ದು ಏನೂ ಕಸೂರಿಲ್ಲ. ಮಗುಚಿದ ಮೇಲೂ ಓಡ್ತಾನೇ ಇತ್ತಂತೆ. ಯಾರೋ ಕೀಲಿ ತಿರುವಿ ನಿಲ್ಲಿಸಿದ್ರಂತೆ."

ಅತ್ತೆಯ ಮುಖ ಸಣ್ಣಗಾಯಿತು. "ಯಾರ ಮಕ್ಕಳೋ," ಎಂದು ಒಂದು ಟೈರಿನ ಮೇಲೆ ಕೂತರು. ಆಮೇಲೆ ಎದ್ದು ಬಂದು, "ಇದ್ರ ನೀರು ಹೋಗೋ ದಾರಿ ಬಿಚ್ಚಿ ತೋರ್ಸಪ್ಪ," ಎಂದರು. ಸಾಹೇಬರು ನಗುತ್ತಾ ಬಿಚ್ಚಿಸಿದರು. ಅತ್ತೆ ಬೆರಳಿಟ್ಟು ನೋಡಿದರು. ಕೆಂಪು ತುಕ್ಕು ಒಂದಿಷ್ಟು ಹತ್ತಿತು, ಬಿಳಿ ಇಲ್ಲ. ಸೆರಗಿಗೆ ಒರೆಸಿಕೊಂಡು ಮಗನಿಗೆ, "ತಗಾ. ಹಂಗೇ ಬ್ರೇಕೂ ನೋಡ್ಸು," ಎಂದರು.

ಆದರೆ ಕಾರಿಗೆ ಏರಿಸುವ ಮೊದಲು ಮೇಸ್ತ್ರಿಯ ಶೆಡ್ಡಿನಲ್ಲಿ ಅದರ ಮುಂದೆ ಎರಡು ಎಲೆ ಹಾಕಿ, ತೀರಿಕೊಂಡವರಿಗೆ ಇಡುವಂತೆ ಎಡೆ ಇಟ್ಟರು. ಅನ್ನ, ಸಾರು, ಪಾಯಸ. ಹೆಸರು ಗೊತ್ತಿಲ್ಲದ್ದರಿಂದ ಹೆಸರು ಹೇಳಲಿಲ್ಲ. "ನಿಮ್ಮ ದಾರಿ ನಿಮಗೆ ಆತು, ನನ್ನ ಮಗಳ ದಾರಿ ಬಿಡ್ರಪ್ಪ," ಎಂದಷ್ಟೇ ಕೈಮುಗಿದರು.

ಮೇಸ್ತ್ರಿ ಯಜಮಾನರ ಕಿವಿಯಲ್ಲಿ, "ಎಲ್ಲಾರೂ ಆಯಿಲ್ ಹಾಕ್ತಾರೆ, ನಿಮ್ಮವ್ವ ಪಾಯಸ ಹಾಕ್ತಾರೆ," ಎಂದ.

"ಕೇಳಿಸ್ತು ಕಣೋ. ನೀನೂ ತಿಂದು ಕೆಲಸಕ್ಕೆ ಹತ್ತು," ಎಂದರು ಅತ್ತೆ.

ಕೆಲಸ ಮುಗಿದು, ಏರಿಗೆ ಹೋಗಿ ಪರೀಕ್ಷೆ ಮಾಡಬೇಕು ಅನ್ನುವ ದಿನದ ಬೆಳಿಗ್ಗೆಯೇ ನಾದಿನಿಗೆ ನೋವು ಬಂತು. ಕಾರು ಇನ್ನೂ ಊರೊಳಗೆ ಬಿಟ್ಟು ಬೇರೆಲ್ಲೂ ಓಡಿರಲಿಲ್ಲ. ಬೇರೆ ದಾರಿಯಿರಲಿಲ್ಲ, ಹೊರಟೆವು. ಮೇಸ್ತ್ರಿ ನೀರಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ. ಹಿಂದೆ ನಾದಿನಿಯ ತಲೆ ಅತ್ತೆಯ ಮಡಿಲಲ್ಲಿ, ಕಾಲು ನನ್ನ ಮಡಿಲಲ್ಲಿ. ಅವಳು ಕಣ್ಣು ಮುಚ್ಚಿದ್ದಳು.

ಹೊಳಲ್ಕೆರೆ ದಾಟಿತು. ಮೇಸ್ತ್ರಿ ಬಿಸಿ ತೋರಿಸುವ ಮೀಟರಿನ ಮುಳ್ಳನ್ನೇ ನೋಡುತ್ತಿದ್ದ. ನಾನು ಯಜಮಾನರ ಕುತ್ತಿಗೆಯನ್ನು ನೋಡುತ್ತಿದ್ದೆ. ಬೆವರು ಕಾಲರಿನೊಳಗೆ ಇಳಿಯುತ್ತಿತ್ತು.

"ಏರು ಬಂತೇನವ್ವ?" ನಾದಿನಿ ಕೇಳಿದಳು.

"ಇನ್ನೂ ದೂರ ಐತೆ ಮಗಳೆ," ಎಂದರು ಅತ್ತೆ. ನಾವು ಆಗಲೇ ಏರು ಹತ್ತುತ್ತಿದ್ದೆವು.

ಅರ್ಧ ಏರಿದ್ದೇವೆ, ಎದುರಿಗೆ ಹುಲ್ಲಿನ ಗಾಡಿಗಳ ಸಾಲು, ರಸ್ತೆಯ ತುಂಬ. ಯಜಮಾನರು ನಿಧಾನ ಮಾಡಲೇಬೇಕಾಯಿತು. ಕಾರು ನಿಂತೇ ಹೋಯಿತೋ ಎನ್ನುವಷ್ಟು ನಿಧಾನ. ಹಾರ್ನ್ ಹೊಡೆಯಲಿಲ್ಲ, ಎತ್ತು ಬೆದರಿದರೆ ಅದೂ ಒಂದಾಗುತ್ತದೆ. ಮೇಸ್ತ್ರಿ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೆರಿಗೆ ಐತಣ್ಣ, ಸ್ವಲ್ಪ ಬಿಡ್ರಿ," ಎಂದ. ಗಾಡಿಯವನೊಬ್ಬ ಇಳಿದು ಎತ್ತಿನ ಮೂಗುದಾರ ಹಿಡಿದು ಪಕ್ಕಕ್ಕೆ ಎಳೆದ. ಯಜಮಾನರು ಗೇರು ಬದಲಿಸಿದರು. ಇಂಜಿನ್ ಒಮ್ಮೆ ಗುಡುಗಿ ಹಿಂದೆ ಜಾರದೆ ಮುಂದಕ್ಕೆ ಹೋಯಿತು. ಹುಲ್ಲಿನ ಕಡ್ಡಿ ಕಿಟಕಿಗೆ ಸವರಿ ಒಳಗೆ ಬಿದ್ದವು.

"ಈಗ ಬಂತಾ?"

"ಬಂದಾಗ ಹೇಳ್ತೀನಿ, ಸುಮ್ನೆ ಮಲಕ್ಕ," ಎಂದರು ಅತ್ತೆ. ಅವರ ಬಲಗೈ ನನ್ನ ಮಣಿಕಟ್ಟನ್ನು ಹಿಡಿದಿದ್ದುದು ಬಳೆ ಒತ್ತಿ ನೋವಾದಾಗಲೇ ನನಗೆ ಗೊತ್ತಾದದ್ದು.

ಏರಿನ ತುದಿ ದಾಟಿದ ಮೇಲೆ ಮೇಸ್ತ್ರಿ ನೀರಿನ ಡಬ್ಬವನ್ನು ಕಾಲಬುಡಕ್ಕೆ ಇಳಿಸಿದ.

ಹೊತ್ತು ಇಳಿಯುವ ಮೊದಲು ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಯಜಮಾನರಿಗೆ ಹೋಗಿ ಹೇಳಿದೆ. "ಅಳ್ತೈತಾ?" ಎಂದು ಕೇಳಿದರು. "ವಾರ್ಡೆಲ್ಲ ಕೇಳ್ಸೋ ಹಂಗೆ," ಎಂದೆ. ಅವರು ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತರು.

ಮರುದಿನ ನಾದಿನಿಗೆ ಮಾತಾಡುವಷ್ಟು ಶಕ್ತಿ ಬಂದಾಗ ಅತ್ತೆಯ ಕಡೆ ತಿರುಗಿ, "ಅವ್ವ, ಏರು ಬಂದಾಗ ಹೇಳ್ತೀನಿ ಅಂದೆ, ಹೇಳ್ಲೇ ಇಲ್ಲ," ಎಂದಳು.

"ನೀನು ನಿದ್ದೆ ಮಾಡ್ತಿದ್ದೆ."

"ಎಲ್ಲಿ ನಿದ್ದೆ. ಅಣ್ಣ ಗೇರು ಹಾಕಿದ್ದು ಕೇಳಿಸ್ತು. ನೀನು ಹೆದರ್ತೀಯ ಅಂತ ನಾನೂ ಸುಮ್ನಿದ್ದೆ."