ವಿಸಿ ಮೇಡಂ ತಿಂದ ಕಜ್ಜಾಯ

ಬೆಲ್ಲದ ಪಾಕ ಕೊಂಚ ಏರಿದರೆ ಒಂದು ವಾಸನೆ ಬರುತ್ತದೆ. ಸೀದ ವಾಸನೆಯಲ್ಲ, ಅದಕ್ಕೆ ಸ್ವಲ್ಪ ಮುಂಚಿನದು. ಹೋದ ವಾರ ಹುಣಸೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಹಿತ್ತಲಲ್ಲಿ ಕಜ್ಜಾಯದ ಒಲೆ ಹೂಡಿದ್ದರು. ಆ ವಾಸನೆ ಬಂದದ್ದೇ ತಡ, ನನ್ನ ಪಕ್ಕ ಹೂ ಕಟ್ಟುತ್ತಿದ್ದ ಅವ್ವನ ಕೈ ನಿಂತಿತು. ನನಗೆ ವಿಸಿ ಮೇಡಂ ನೆನಪಾದರು...

ನಾನು ಎಂ.ಎ. ಓದಿದ ಯೂನಿವರ್ಸಿಟಿಗೆ ಅವರು ಕುಲಪತಿ. ಯೂನಿವರ್ಸಿಟಿಯ ಹೆಸರು ಬೇಡ ಬಿಡಿ. ಸಂಜೆ ವಾಕಿಂಗ್ ಮುಗಿಸಿ ನಮ್ಮ ಲೇಡೀಸ್ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂರುತ್ತಿದ್ದರು. ತಾವೂ ಕೆ.ಆರ್. ನಗರದ ಕಡೆಯ ಹಳ್ಳಿಯವರೇ ಅನ್ನುತ್ತಿದ್ದರು. ಆಫೀಸಿನ ಗುಮಾಸ್ತನ ಮುಂದೆ ನಿಲ್ಲಲೂ ಹೆದರುತ್ತಿದ್ದ ನಮ್ಮಂಥವರ ತಲೆ ಸವರಿ, ಊಟ ಆಯ್ತಾ ಅಂತ ಕೇಳುತ್ತಿದ್ದರು. ಆಗುವುದಾದರೆ ಇವರ ಹಾಗೆ ಆಗಬೇಕು ಅಂದುಕೊಂಡು ನಾನೂ ಅವರಂಥದೇ ಕಾಟನ್ ಸೀರೆ ಕೊಂಡಿದ್ದೆ. ಹುಚ್ಚಿ!

ಆ ವರ್ಷ ಗೌರಿ ಹಬ್ಬಕ್ಕೆ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಊರಲ್ಲಿ ಯಾರ ಮನೆಯ ಮದುವೆಯಾದರೂ ಹಿಟ್ಟು ಯಾರೇ ಕುಟ್ಟಲಿ, ಕಜ್ಜಾಯ ಯಾರೇ ಕರಿಯಲಿ, ಪಾಕ ನೋಡುವುದಕ್ಕೆ ಮಾತ್ರ ಅವ್ವನೇ ಬೇಕು. ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಇಳುಸ್ರಿ’ ಅನ್ನುತ್ತಿದ್ದಳು. ಆ ಮಾತು ಬರದೆ ಪಾತ್ರೆ ಒಲೆಯಿಂದ ಕೆಳಗಿಳಿಯುತ್ತಿರಲಿಲ್ಲ. ಹಾಸ್ಟೆಲ್ ಹುಡುಗಿಯರಿಗೂ ಆಗಲಿ ಅಂತ ಅವ್ವ ದೊಡ್ಡ ಡಬ್ಬಿ ತುಂಬಾ ಕಜ್ಜಾಯ ಕಳಿಸಿದಳು.

ನಾನು ವಾಪಸು ಬಂದ ಸಂಜೆಯೇ ಮೇಡಂ ಬಂದರು. ನಿಂತೇ ಒಂದು ತಿಂದರು, ಕೂತು ಇನ್ನೊಂದು ತಿಂದರು. ‘ಪಾಕ ಅಂದ್ರೆ ಇದು ಕಣಮ್ಮ. ನಮ್ಮಮ್ಮನ ಕೈ ನೆನಪಾಯ್ತು’ ಅಂದರು. ಮನೆಗೂ ನಾಕು ಕಟ್ಟಿಸಿಕೊಂಡು ಹೋದರು. ನಾನು ಕುಣಿಯುತ್ತ ಅವ್ವನಿಗೆ ಫೋನ್ ಮಾಡಿದೆ. ಅವ್ವ ಅದನ್ನು ಕೇರಿಗೆಲ್ಲ ಹೇಳಿಕೊಂಡು ಬಂದಳಂತೆ.

ಮಾರನೆಯ ದಿನ ಹಾಸ್ಟೆಲ್ಲಿನಲ್ಲಿ ವಾಂತಿ, ಭೇದಿ ಶುರುವಾಯಿತು. ನಲ್ಲಿ ನೀರು ನಾರುತ್ತಿದೆ ಅಂತ ನಾವು ಹಬ್ಬಕ್ಕೆ ಮುಂಚಿನಿಂದ ಬಡಕೊಂಡಿದ್ದೆವು. ಕಕ್ಕಸಿನ ಪೈಪು ನೀರಿನ ಸಂಪಿನ ಪಕ್ಕದಲ್ಲೇ ಒಡೆದಿತ್ತು. ಕಜ್ಜಾಯ ಮುಟ್ಟದವರೂ ಮಲಗಿದರು, ಕೆಲವರಿಗೆ ಡ್ರಿಪ್ ಹಾಕಿಸಬೇಕಾಯಿತು. ಟಿವಿಯವರು ಗೇಟಿಗೆ ಬಂದಾಗ ಮೇಡಂ ಕಾರಿನಿಂದ ಇಳಿದರು. ಸದ್ಯ, ಇವರು ಬಂದರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಅಂತ ನನಗೆ ಸಮಾಧಾನವಾಯಿತು.

ಮೈಕಿನ ಮುಂದೆ ಅವರು ಮೆತ್ತಗೆ ಹೇಳಿದರು: ‘ನಮ್ಮ ನೀರಿನಲ್ಲಾಗಲಿ ಊಟದಲ್ಲಾಗಲಿ ಯಾವ ದೋಷವೂ ಇಲ್ಲ. ಪಿರಿಯಾಪಟ್ಟಣದ ಕಡೆಯ ವಿದ್ಯಾರ್ಥಿನಿಯೊಬ್ಬಳು ಹಬ್ಬಕ್ಕೆ ಹೋಗಿ ತಂದ ಕಜ್ಜಾಯ ತಿಂದು ಹೀಗಾಗಿದೆ. ಹಳ್ಳಿಯ ಪೋಷಕರಲ್ಲಿ ಶುಚಿತ್ವದ ಅರಿವು ಮೂಡಿಸಬೇಕಾಗಿದೆ.’

ಅವರು ಹೀಗನ್ನುವಾಗಲೇ ಹಿಂದುಗಡೆ ಆಳುಗಳು ಸಂಪು ಬಳಿದು ತೊಳೆಯುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ತಿಂದ ಬಾಯಲ್ಲೇ ಅಂದರಲ್ಲ! ಅವರ ಚೇಂಬರಿಗೇ ಹೋಗಿ, ನೀವೂ ತಿಂದಿದ್ದಿರಲ್ಲ ಮೇಡಂ ಅಂತ ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ಕೂರಲು ಹೇಳಿ, ಕಾಫಿ ತರಿಸಿದರು.

‘ನಿನ್ನ ಹೆಸರು ಹೇಳಿಲ್ವಲ್ಲಮ್ಮ. ನೀರು ಅಂದ್ರೆ ಯೂನಿವರ್ಸಿಟಿಗೇ ಕೆಟ್ಟ ಹೆಸರು, ಅದು ಹೋಗಲ್ಲ. ತಿಂಡಿ ಅಂದ್ರೆ ನಾಕು ದಿನಕ್ಕೆ ಎಲ್ಲ ಮರೀತಾರೆ.’

ಉಂಡ ಮನೆಗೆ ಎರಡು ಬಗೆಯುವವರು ಇಷ್ಟು ಅಕ್ಕರೆಯಿಂದ ಮಾತಾಡುತ್ತಾರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಫಿ ಕುಡಿಯದೆ ಎದ್ದು ಬಂದೆ.

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಕಜ್ಜಾಯ ಹಾಸ್ಟೆಲ್ಲಿಗೆ ಹೋದದ್ದು ನಮ್ಮೂರಿಗೆಲ್ಲ ಗೊತ್ತಿತ್ತು, ಟಿವಿಯಲ್ಲಿ ಬಂದದ್ದನ್ನೂ ಎಲ್ಲ ನೋಡಿದ್ದರು. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. ‘ಆಯಮ್ಮನೂ ತಿಂದ್ರು ಅಂದಿದ್ಯಲ್ಲ ಮಗ?’ ಹೂಂ ಅಂದೆ.

ನೀರಿನದೇ ತಪ್ಪು ಅಂತ ನಾನು ಊರಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಅಷ್ಟು ದೊಡ್ಡವರು ಸುಳ್ಳು ಹೇಳುತ್ತಾರಾ ಅಂದರು. ಅವ್ವನನ್ನು ಯಾರೂ ಬೈಯಲಿಲ್ಲ. ಮುಂದಿನ ಮದುವೆಯಲ್ಲಿ ಪಾಕಕ್ಕೆ ಕರೆಯಲಿಲ್ಲ, ಅಷ್ಟೇ. ಅದರ ಮುಂದಿನದಕ್ಕೂ ಕರೆಯಲಿಲ್ಲ. ಅವ್ವ ನಮ್ಮ ಮನೆಯಲ್ಲೂ ಕಜ್ಜಾಯ ಮಾಡುವುದನ್ನು ಬಿಟ್ಟಳು.

ಎರಡು ವರ್ಷದ ಹಿಂದೆ ಮೈಸೂರಿನ ಒಂದು ಮದುವೆಯಲ್ಲಿ ಮೇಡಂ ಸಿಕ್ಕಿದ್ದರು. ರಿಟೈರ್ ಆಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದುಕೊಂಡು, ‘ನಿಮ್ಮಮ್ಮ ಚೆನ್ನಾಗಿದಾರಾ? ಅವತ್ತು ತಿಂದ ಕಜ್ಜಾಯದ ರುಚಿ ಇನ್ನೂ ನಾಲಿಗೆ ಮೇಲಿದೆ ಕಣಮ್ಮ’ ಅಂದರು. ಆಡಿಕೊಂಡದ್ದಲ್ಲ, ನಿಜವಾಗಿಯೇ ಅಂದರು. ಟಿವಿಯಲ್ಲಿ ಅಂದದ್ದನ್ನು ನಾಲ್ಕು ದಿನಕ್ಕೆ ಮರೆತವರು ಅವರೊಬ್ಬರೇ.

ಹುಣಸೂರಿನ ಹಿತ್ತಲಲ್ಲಿ ಪಾಕ ನೋಡಲು ಸರಗೂರಿನಿಂದ ಯಾರನ್ನೋ ಕರೆಸಿದ್ದರು. ಆ ಹೆಂಗಸು ಒಲೆ ಬಿಟ್ಟು ಯಾರೊಂದಿಗೋ ಮಾತಾಡುತ್ತ ನಿಂತಿದ್ದಳು.

‘ಪಾಕ ಏರ್ತಾ ಅದೆ’ ಅಂದಳು ಅವ್ವ, ನನಗೆ ಮಾತ್ರ ಕೇಳುವಷ್ಟು.

‘ಎದ್ದೋಗಿ ಇಳ್ಸು ಅನ್ನವ್ವ. ನಮ್ಮನೆ ಮದ್ವೆ ತಾನೆ?’

ಅವ್ವ ಒಲೆಯ ಕಡೆ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು, ಏಳುವವಳ ಹಾಗೆ. ಆಮೇಲೆ ಮತ್ತೆ ಹೂವಿನ ದಾರ ಹಿಡಿದಳು.

‘ಬ್ಯಾಡ ಬುಡು ಮಗ. ನನ್ನ ಕೈಯಿಂದ ಯಾರ್ಗಾರ ಒಟ್ಟೆ ಕೆಟ್ರೆ?’