ಗಡಿಯಾರದ ಮೇಲಿನ ಗುಲಾಬಿ

ಅಡಿಕೆ ಹಾಳೆಯ ತಟ್ಟೆ ಕೊಳ್ಳಲು ಫ್ರಾನ್ಸಿನಿಂದ ಒಬ್ಬ ಮೇಡಂ ಚನ್ನಗಿರಿಗೆ ಬಂದಿದ್ದರು. ತಟ್ಟೆ ಫ್ಯಾಕ್ಟರಿಯ ಮಾಲೀಕರು ನಮ್ಮ ಸಾಹೇಬರು. ಅಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ, ಹಾಗಾಗಿ ನನ್ನ ಜಂಬವೂ ಸ್ವಲ್ಪ ಜಾಸ್ತಿಯೇ. ಉಡುಗೊರೆಗೆಂದು ಸಾಹೇಬರು ಗೋಡೆ ಗಡಿಯಾರ ತರಿಸಿದ್ದರು. ನಟ್ಟನಡುವೆ ದಪ್ಪಕ್ಷರದಲ್ಲಿ ಫ್ಯಾಕ್ಟರಿ ಹೆಸರು.

"ಫ್ರಾನ್ಸ್‌ನೋರಿಗೆ ಕಂಪನಿ ಹೆಸರಿರೋದು ಕೊಡಬಾರದಂತೆ ಸಾಹೇಬ್ರೇ," ಎಂದು ಮೊಬೈಲಿನಲ್ಲಿ ಓದಿದ್ದನ್ನು ಒಪ್ಪಿಸಿದೆ.

"ಹೆಸ್ರಿಲ್ದಿದ್ರೆ ಕೊಟ್ಟೋರು ಯಾರಂತ ಹೆಂಗೆ ಗೊತ್ತಾಗ್ತೈತಪ್ಪಾ?"

ನಾನು ಬಿಡಲಿಲ್ಲ. ಹೆಸರು ಮುಚ್ಚುವ ಹಾಗೆ ಗಾಜಿನ ಮೇಲೆ ದೊಡ್ಡ ಗುಲಾಬಿ ಸ್ಟಿಕ್ಕರ್ ಅಂಟಿಸಿದೆ.

ಗಡಿಯಾರಕ್ಕೆ ಸುತ್ತಿ ಕೊಟ್ಟಿದ್ದ ಕಾಗದವನ್ನು ಮೇಡಂ ನಮ್ಮೆದುರೇ ಬಿಚ್ಚಿದರು. ಅದು ಅವರ ಪದ್ಧತಿ. ಸ್ಟಿಕ್ಕರಿನ ತುದಿ ಎದ್ದಿತ್ತು, ಉಗುರಿನಲ್ಲಿ ಎಬ್ಬಿಸಿ ಕಿತ್ತೇಬಿಟ್ಟರು. "ಹೆಸರು ಯಾಕೆ ಮುಚ್ಚಿದಿರಿ?" ಎಂದು ಕೇಳಿದರು.

"ಅಲಂಕಾರಕ್ಕೆ ಮೇಡಂ," ಎಂದೆ, ಬೆವರುತ್ತಾ.

ಅವರು ನಕ್ಕು ತಮ್ಮ ಉಡುಗೊರೆ ಸಾಹೇಬರ ಕೈಗಿಟ್ಟರು. ಒಂದು ಬಟ್ಟೆ ಚೀಲ. ಎರಡೂ ಬದಿಯಲ್ಲಿ ಅವರ ಕಂಪನಿಯ ಹೆಸರು, ಗೇಣುದ್ದದ ಅಕ್ಷರದಲ್ಲಿ.

ಸಾಹೇಬರು ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಬಹಳ ಮೆತ್ತಗೆ ನನ್ನನ್ನು ಕೇಳಿದರು: "ಗುಲಾಬಿ ಇನ್ನೂ ಎರಡು ಉಳಿದಾವೇನಪ್ಪಾ?"